ಹೊಟ್ಟೆಯ ಮೇಲೆ ಇಳಿದವನಿಗೆ ಎಷ್ಟು ಪಾಯಿಂಟ್?

ಕಳೆದ ಶನಿವಾರ ರಾತ್ರಿ, ಕಂಪ್ಯೂಟರಿನ ವಿಮಾನ ಹಾರಿಸುವ ಆಟದಲ್ಲಿ, ನನ್ನ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನ ಹೊಲದಲ್ಲಿ ಇಳಿಯಿತು. ಇಲ್ಲಿ ಮೂಡಿಗೆರೆಯಲ್ಲಿ ಜೋರು ಮಳೆ, ಕರೆಂಟ್ ಇಲ್ಲ, ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಿತ್ತು. ಅಲ್ಲಿ ಪರದೆಯ ಮೇಲೆ ಇಂಗ್ಲೆಂಡಿನ ಕೆಂಟ್‌ನ ಬಿಸಿಲು. ಜರ್ಮನರ ಎರಡು ಮೆಸ್ಸರ್‌ಸ್ಮಿಟ್ ವಿಮಾನ ಉರುಳಿಸಿದ್ದೆ. ಮೂರನೆಯವನ ಗುಂಡು ರೇಡಿಯೇಟರ್‌ಗೆ ತಾಗಿತು. ಕೂಲೆಂಟ್ ಸೋರಿದ ಮೇಲೆ ಸ್ಪಿಟ್‌ಫೈರ್‌ನ ಮರ್ಲಿನ್ ಎಂಜಿನ್ ಜಾಸ್ತಿ ಹೊತ್ತು ಬಾಳುವುದಿಲ್ಲ. ಟೆಂಪರೇಚರ್ ಮುಳ್ಳು ಏರುತ್ತಲೇ ಹೋಯಿತು. ಆಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಚಕ್ರ ಇಳಿಸಲಿಲ್ಲ, ವಿಮಾನದ ಹೊಟ್ಟೆಯ ಮೇಲೇ ಇಳಿಯಬೇಕು. ಮೆತ್ತನೆ ಮಣ್ಣಿನಲ್ಲಿ ಚಕ್ರ ಹೂತರೆ ವಿಮಾನ ಮೂಗೂರಿ ಪಲ್ಟಿ ಹೊಡೆಯುತ್ತದೆ. ನಿಜವಾದ ಪೈಲಟ್‌ಗಳೂ ಇಂಥ ಕಡೆ ಚಕ್ರ ಮಡಚಿಕೊಂಡೇ ಇಳಿಯುತ್ತಿದ್ದರು. ವೇಗ ತಗ್ಗಿಸಲು ರೆಕ್ಕೆಯ ಫ್ಲಾಪ್ ಬಿಟ್ಟು, ಬೇಲಿ ದಾಟಿಸಿ, ನೆಲ ಆಳೆತ್ತರಕ್ಕೆ ಬಂದಾಗ ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ಎಳೆದು ಹಿಡಿದೆ. ವೇಗ ಸತ್ತಿತು. ಹೆಡ್‌ಸೆಟ್‌ನಲ್ಲಿ ಗರಗರ. ಪ್ರೊಪೆಲರ್ ಸೊಟ್ಟಗಾಯಿತು, ಪೈಲಟ್ಟಿಗೆ ಏನೂ ಆಗಲಿಲ್ಲ.

ನಮ್ಮ ಏಳು ಜನರ ಗುಂಪಿನ ಸ್ಕೋರ್ ಶೀಟ್‌ನಲ್ಲಿ ಮಾತ್ರ ನಾನು ‘ಸತ್ತ’!

ಶೀಟ್ ನೋಡಿಕೊಳ್ಳುವ ಹಾಸನದ ಗೆಳೆಯನಿಗೆ ಆಗಲೇ ಫೋನ್ ಮಾಡಿದೆ. “ವಿಮಾನ ಹೋಯ್ತಲ್ವಾ? ಎಲ್ಲೆಂದ್ರಲ್ಲಿ ಇಳಿದ್ರೂ ಪಾಯಿಂಟ್ ಕೊಟ್ರೆ ರನ್‌ವೇಗೆ ಯಾರು ಮಾರಾಯ ವಾಪಸ್ ಬರ್ತಾರೆ?” ಅಂದ. ಅವನ ಮಾತಿನಲ್ಲೂ ನ್ಯಾಯವಿದೆ. ಆದರೆ ನಾವು ಆಡುತ್ತಿರುವುದು 1940ರ ಬ್ರಿಟನ್ ಕದನ, ಬ್ರಿಟನ್ನಿನ ಆಕಾಶದಲ್ಲಿ ಜರ್ಮನ್ ವಿಮಾನಗಳೊಡನೆ ನಡೆದ ಯುದ್ಧ. ಆಗ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಹೊಸ ಫೈಟರ್‌ಗಳು ತಯಾರಾಗುತ್ತಲೇ ಇದ್ದವು. ಸಿಗದೆ ಹೋಗುತ್ತಿದ್ದದ್ದು ಪಳಗಿದ ಪೈಲಟ್. ಕೆಂಟ್‌ನ ಹೊಲದಲ್ಲಿ ಇಳಿದ ಬ್ರಿಟಿಷ್ ಪೈಲಟ್ ಗಾಯವಾಗದಿದ್ದರೆ ಮತ್ತೆ ಹಾರಬಹುದಿತ್ತು. ಅದೇ ಹೊಲದಲ್ಲಿ ಇಳಿದ ಜರ್ಮನ್ ಪೈಲಟ್ ಸೆರೆಯಾಳು. ಇಳಿದ ಜಾಗ ಯಾರದು ಅನ್ನುವುದೇ ಇಲ್ಲಿ ಮುಖ್ಯ. ಅದನ್ನು ನೋಡದೆ ಸುಮ್ನೆ ‘ಸತ್ತ’ ಅಂತ ಬರೆಯುವುದು ತಪ್ಪು.

ನಾನು ಕೇಳಿದ್ದು ಇಷ್ಟು. ನಮ್ಮ ನೆಲದಲ್ಲಿ ಇಳಿದು ಪೈಲಟ್ ಉಳಿದರೆ ಹೊಡೆದ ವಿಮಾನಗಳ ಪಾಯಿಂಟ್ ಪೂರ್ತಿ ಸಿಗಲಿ, ಕಳಕೊಂಡ ವಿಮಾನದ್ದು ಕಳೆಯಲಿ. ಶತ್ರುವಿನ ನೆಲವಾದರೆ ಸೆರೆ. ಪಾಯಿಂಟ್ ಅರ್ಧ, ಪೈಲಟ್‌ನ ಲೆಕ್ಕ ಅಲ್ಲಿಗೇ ಮುಗಿಯಲಿ. ರನ್‌ವೇ ಮೇಲೆ ಚಕ್ರ ಊರಿ ಇಳಿದವನಿಗೆ ಬೋನಸ್ ಇರಲಿ. ಆಗ ವಾಪಸ್ ಬರುವ ಆಸೆಯೂ ಉಳಿಯುತ್ತದೆ.

ಅರ್ಧ ಗಂಟೆ ವಾದ ಮಾಡಿ, ಒಂದು ತಿಂಗಳು ಹೀಗೇ ನೋಡೋಣ ಅಂತ ಒಪ್ಪಿದ. ಸಮುದ್ರದ್ದು ಮಾತ್ರ ಇನ್ನೂ ಬಾಕಿ. ಸ್ಪಿಟ್‌ಫೈರ್ ನೀರಿಗೆ ಬಿದ್ದರೆ ಮೂಗು ಮುಂದಾಗಿ ಬೇಗ ಮುಳುಗುತ್ತದೆ. ಅಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿದವನಿಗೇ ಜಾಸ್ತಿ ಕೊಡಬೇಕು ಅಂತ ನಾನು. ಈ ಶನಿವಾರ ಅದನ್ನೇ ಎತ್ತುತ್ತೇನೆ.