ಜಾಸಲ್ ಮರ: ಅಡ್ಜಸ್ಟ್ ಕೊನೆಗೂ ಕೂತಿತು

ಪದಗಳಿಗೆ ಒಂದೊಂದು ಕಾರ್ಡ್ ಕತ್ತರಿಸಿ, ಒಂದೇ ಬೇರಿನವನ್ನು ದಾರದಿಂದ ಕಟ್ಟಿ, ಬೋರ್ಡಿನ ಮೇಲೆ ಮರ ಬೆಳೆಸುವುದು ನನ್ನ ಹುಚ್ಚು. ಅಡ್ಜಸ್ಟ್ ಕಾರ್ಡಿಗೆ ಕೊನೆಗೂ ಅಲ್ಲಿ ಜಾಗ ಸಿಕ್ಕಿತು! ಅದೂ ಜಾಸಲ್ ಪಕ್ಕದ ಕೊಂಬೆಯಲ್ಲೇ.

ಇಂಗ್ಲಿಷಿನ ಜಾಸಲ್ (jostle) ಅಂದರೆ ಗುಂಪಿನಲ್ಲಿ ಮೈಗೆ ಮೈ ತಾಗಿಸಿ ನೂಕಾಡುವುದು. ಈ ಮರದ ಕಾಂಡ ಸಲೀಸಾಗಿ ಎದ್ದಿತು. ಲ್ಯಾಟಿನ್ನಿನ ಯುಕ್ಸ್ತಾ ಎಂದರೆ 'ಪಕ್ಕದಲ್ಲಿ'. ಅದರಿಂದ 'ಹತ್ತಿರ ಬರು' ಎಂಬ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನಲ್ಲಿ ಇಬ್ಬರು ಎದುರುಬದುರು ನಿಂತು ಕಾದಾಡುವ ಜೋಸ್ತೆರ್ ಆಯಿತು. ಈಟಿ ಹಿಡಿದ ಕುದುರೆ ಸವಾರರ ಜೌಸ್ಟ್ ಇಂಗ್ಲಿಷಿಗೆ ಬಂದದ್ದು ಹೀಗೆ. ಅದಕ್ಕೆ 'ಲ್' ಬಾಲ ಸೇರಿ ಜಸಲ್, ಅಂದರೆ ಜಾಸಲ್‌ನ ಹಳೆಯ ರೂಪ. ಸ್ಪಾರ್ಕಿನಿಂದ ಸ್ಪಾರ್ಕಲ್, ಕ್ರ್ಯಾಕಿನಿಂದ ಕ್ರ್ಯಾಕಲ್ ಆದ ಹಾಗೆ. ಮತ್ತೆ ಮತ್ತೆ ನಡೆಯುವುದನ್ನು ಆ ಬಾಲ ಹೇಳುತ್ತದೆ. ನೂಕು ಎಂಬುದಕ್ಕೆ ನಾವು 'ಆಡು' ಹಚ್ಚಿ ನೂಕಾಡು ಅನ್ನುವುದಿಲ್ಲವೇ, ಹೆಚ್ಚುಕಡಿಮೆ ಅದೇ ಕೆಲಸ. 1611ರ ಇಂಗ್ಲಿಷ್ ಬೈಬಲ್ಲಿನ ನಹೂಮನ ಪುಸ್ತಕದಲ್ಲಿ ಅಗಲ ಬೀದಿಗಳಲ್ಲಿ ರಥಗಳು ಒಂದಕ್ಕೊಂದು ತಾಗುವಾಗ ಬಳಸಿರುವುದು ಈ ಜಸಲ್ ರೂಪವನ್ನೇ.

ಸತಾಯಿಸಿದ್ದು ಅಡ್ಜಸ್ಟ್. ರೂಪ ನೋಡಿದರೆ ನ್ಯಾಯದ ಜಸ್ಟ್ ಇರುವ ಕೊಂಬೆಗೆ ಕಟ್ಟಬೇಕು. 'ಸರಿಮಾಡು' ಎಂಬ ಅರ್ಥವೂ ಅತ್ತಲೇ ಎಳೆಯುತ್ತದೆ. ಆದರೆ ಫ್ರೆಂಚಿನಲ್ಲಿ ಅದರ ಒಡಹುಟ್ಟು ಅಜೂತೆ ಇದೆಯಲ್ಲ, ಅದರ ಅರ್ಥ 'ಸೇರಿಸು'. ನ್ಯಾಯಕ್ಕೂ ಸೇರಿಸುವುದಕ್ಕೂ ಎತ್ತಣಿಂದೆತ್ತ ಸಂಬಂಧ? ಈ ಗಂಟಿನಲ್ಲೇ ದಿನಗಟ್ಟಲೆ ಸಿಕ್ಕಿಕೊಂಡಿದ್ದೆ. ಒಂದು ವಸ್ತುವಿನ ಪಕ್ಕಕ್ಕೆ ಇನ್ನೊಂದನ್ನು ತಂದಿಟ್ಟರೆ ಅದೇ ಸೇರಿಸುವುದು! ಅಂದರೆ ಇದೂ ಯುಕ್ಸ್ತಾದ ಕುಡಿಯೇ, ತಲೆಗೆ ಲ್ಯಾಟಿನ್ನಿನ 'ಅದ್' (ಕಡೆಗೆ) ಸೇರಿಸಿಕೊಂಡದ್ದು. ನ್ಯಾಯದ ಜಸ್ಟ್ ಜೊತೆ ಜನ ಅದನ್ನು ತಳುಕು ಹಾಕಿದ್ದು ಆಮೇಲೆ.

ಸಿಟಿ ಬಸ್ಸಿನ ಬಾಗಿಲಲ್ಲಿ ನಡೆಯುವ ಜಾಸಲ್, ಒಳಗೆ ಸೀಟಿನ ಹತ್ತಿರ ಕೇಳುವ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ", ಎರಡೂ ಒಂದೇ ಬೇರಿನವು. ಇದನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಸಂತೋಷ ಇನ್ನೂ ಬೇಗ ಸಿಗುತ್ತಿತ್ತು. 1989ರ ಆಕ್ಸ್‌ಫರ್ಡ್ ನಿಘಂಟಿನ ಇಪ್ಪತ್ತು ಸಂಪುಟಗಳಲ್ಲಿ ಅಡ್ಜಸ್ಟ್ ಇರುವ ಮೊದಲನೆಯದನ್ನು ಕೇಳಿದರೆ, ಹಳೆ ಪುಸ್ತಕದ ವ್ಯಾಪಾರಿ ಹನ್ನೊಂದನೆಯದನ್ನು ಕಳಿಸಿ "ಅದೂ ಡಿಕ್ಷನರಿನೇ ಅಲ್ವಾ ಸಾರ್" ಅಂದರು. ಜೊತೆಗೆ ಈ ಸಲದ ಕೆಂಪು ದಾರ ಬೆರಳಿಗೆಲ್ಲ ಬಣ್ಣ ಬಿಡುತ್ತಿದೆ.

ಬೇರಿನ ತುದಿಗೆ, ಯುಕ್ಸ್ತಾದ ದೂರದ ನೆಂಟನಾಗಿ, ಸಂಸ್ಕೃತದ ಯುಜ್ (ಜೋಡಿಸು) ಕಟ್ಟಿದ್ದೇನೆ. ಯೋಗ, ಯುಕ್ತ, ಇಂಗ್ಲಿಷಿನ ಯೋಕ್ (ಅಂದರೆ ನೊಗ) ಎಲ್ಲ ಅಲ್ಲೇ. ಯೋಕ್ ಕಂಡವರು ನಮ್ಮ ನೊಗವನ್ನೂ ಅಲ್ಲಿಗೇ ಕಟ್ಟು ಅನ್ನುತ್ತಾರೆ. ತಮಿಳು ಮಲಯಾಳಗಳಲ್ಲಿ ನುಕಂ, ತೆಲುಗಿನಲ್ಲೂ ನೊಗ. ನಕಾರ ಇಷ್ಟು ಗಟ್ಟಿಯಾಗಿ ಕೂತಿರುವಾಗ ನಾನು ಕಟ್ಟುವುದಿಲ್ಲ.

ಮುಂದಿನ ಮರ ಇಂಗ್ಲಿಷಿನ ಹಸಲ್ (hustle), ಅಂದರೆ ತಳ್ಳಿ ಅವಸರಪಡಿಸು. ಡಚ್ಚರ ಹುಟ್ಸೆಲೆನ್, ಅಂದರೆ ಕುಲುಕು, ಅಲ್ಲಿಂದ ಬಂದದ್ದು; ಟೋಪಿಯಲ್ಲಿ ನಾಣ್ಯ ಹಾಕಿ ಕುಲುಕುವ ಆಟದ ಹೆಸರಿನಲ್ಲೂ ಇದೇ ಪದವಿತ್ತು. ಕಾರ್ಡ್ ಆಗಲೇ ಕತ್ತರಿಸಿಟ್ಟಿದ್ದೇನೆ. ಡಚ್ ನಿಘಂಟು ಯಾರ ಹತ್ತಿರವಾದರೂ ಇದ್ದರೆ ಒಂದು ವಾರಕ್ಕೆ ಕೊಡಿ, ಅಂಚೆ ಖರ್ಚು ನನ್ನದು.