ಜೂನ್ ತಿಂಗಳ ಹಾಳೆಯ ಹಿಂಭಾಗ

16 ಜುಲೈ 2024, ಮಂಗಳವಾರ
ಶಿವಮೊಗ್ಗ

ಬೆಳಗ್ಗೆಯಿಂದ ಬಿಡದ ಮಳೆ. ಅರ್ಧಕ್ಕರ್ಧ ಪೇಷೆಂಟ್‌ಗಳು ಬರಲೇ ಇಲ್ಲ. ಹನ್ನೊಂದು ಗಂಟೆಗೆ ಅಕ್ಕ ಬಂದರು. ಕೊಡೆ ಮೂಲೆಗಿಟ್ಟು, ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆ ಮಾಡಿದ ಕ್ಯಾಲೆಂಡರ್ ಹಾಳೆ ತೆಗೆದು ನನ್ನ ಟೇಬಲ್ ಮೇಲೆ ಹರಡಿದರು. "ನೀವು ಹೇಳಿದ ಹಾಗೇ ಗೆರೆ ಹಾಕಿದೀನಿ ಮೇಡಂ. ತಪ್ಪಿದ್ರೆ ಹೇಳಿ."

ಅವರನ್ನು ಕೇಳಿ, ಅವರು ಹೂಂ ಅಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ವಯಸ್ಸು ಹೇಳುವುದಿಲ್ಲ, ಬರೀ ಅಕ್ಕ ಅನ್ನುತ್ತೇನೆ.

ಮೂರು ವಾರದ ಹಿಂದೆ ಅಕ್ಕ ನನ್ನ ಹತ್ತಿರ ಫಿಸಿಯೋಥೆರಪಿಗೆ ಬಂದದ್ದು ಸೊಂಟನೋವಿಗೆ. ಮೂರು ದಿನ ಶಾಖ ಕೊಟ್ಟೆ, ವ್ಯಾಯಾಮ ಮಾಡಿಸಿದೆ. ಮಲಗಿ ಸೊಂಟ ಎತ್ತುವ ವ್ಯಾಯಾಮ ಬಂದಾಗೆಲ್ಲ ಅರ್ಧಕ್ಕೇ ನಿಲ್ಲಿಸಿ "ಸಾಕು" ಅನ್ನುತ್ತಿದ್ದರು. ನೋವಿಗೆ ನಿಲ್ಲಿಸಿದರು ಅಂತ ಬರೆದುಕೊಂಡೆ. ನಾಲ್ಕನೇ ದಿನ ಹೊರಟು ನಿಂತವರು ಬಾಗಿಲ ಚೌಕಟ್ಟು ಹಿಡಿದುಕೊಂಡು, ನನ್ನ ಮುಖ ನೋಡದೆ ಹೇಳಿದರು: "ಇನ್ನೊಂದು ವಿಷಯ ಇತ್ತು. ಕೆಮ್ಮಿದ್ರೆ, ಭಾರ ಎತ್ತಿದ್ರೆ ಒಂದಾ ತಡೆಯೋಕಾಗಲ್ಲ." ಹನ್ನೊಂದು ವರ್ಷದಿಂದ ಹೀಗೆ. ಹಿಂದೆ ಒಂದು ಕಡೆ ಹೇಳಿಕೊಂಡಿದ್ದರಂತೆ. "ಮಕ್ಕಳನ್ನು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ" ಅಂತ ಕಳಿಸಿದರಂತೆ.

ನನಗೆ ಕೈಕಾಲು ತಣ್ಣಗಾಯಿತು. ಸೊಂಟನೋವಿನ ಜೊತೆ ಮೂತ್ರದ ತೊಂದರೆ ಇದ್ದರೆ ಮೊದಲು ನೋಡಬೇಕಾದ್ದು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿದೆಯಾ ಅಂತ. ಅಲ್ಲೇ ಕೂರಿಸಿ ಕೇಳಿದೆ. ತೊಳೆದುಕೊಳ್ಳುವಾಗ ಆ ಜಾಗ ಜೋಮು ಹಿಡಿದ ಹಾಗಿರುತ್ತಾ? ಎರಡೂ ಕಾಲಿನಲ್ಲಿ ಶಕ್ತಿ ಕಡಿಮೆ ಆಗಿದೆಯಾ? ಮೂತ್ರ ಕಟ್ಟಿಕೊಳ್ಳುತ್ತಾ? ಎರಡಕ್ಕೆ ಹೋಗೋದು ಹಿಡಿತದಲ್ಲಿದೆಯಾ? ಮುಟ್ಟಿಯೂ ನೋಡಿದೆ. ಏನೂ ಇರಲಿಲ್ಲ. ಇದ್ದಿದ್ದರೆ ಅವರು ಅವತ್ತೇ ದೊಡ್ಡ ಆಸ್ಪತ್ರೆಯಲ್ಲಿರಬೇಕಿತ್ತು. ನಾನು ಮೂರು ದಿನ ಕೇಳದೇ ಬಿಟ್ಟಿದ್ದೆ.

ನಮ್ಮ ಫಾರಂನಲ್ಲಿ ಈ ಪ್ರಶ್ನೆ ಇಲ್ಲದೆ ಇಲ್ಲ. 14ನೇ ಸಾಲಿನಲ್ಲಿದೆ. ಪರದೆ ಆಚೆ ಇನ್ನೊಬ್ಬ ಪೇಷೆಂಟ್ ಇರುತ್ತಾರೆ, ಸುಮ್ನೆ ಟಿಕ್ ಹಾಕಿ ಮುಂದೆ ಹೋಗಿಬಿಡುತ್ತೇವೆ. ಇನ್ನು "ಮೂತ್ರದ ತೊಂದರೆ ಇದೆಯಾ" ಅಂತ ಕೇಳಿದರೂ ನೂರಕ್ಕೆ ನೂರು "ಇಲ್ಲ" ಅಂತಲೇ ಉತ್ತರ. ಅವರ ಪಾಲಿಗೆ ಅದು ಕಾಯಿಲೆಯೇ ಅಲ್ಲ ಅಲ್ವಾ. ಅದಕ್ಕೆ ಈಗ ಬೇರೆ ಥರ ಕೇಳುತ್ತೇನೆ. ಸೀನು ಬಂದಾಗ ಕಾಲಿಗೆ ಕಾಲು ಅಡ್ಡ ಹಾಕಿ ನಿಲ್ಲುತ್ತೀರಾ? ಮದುವೆ ಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಅಂತ ನೋಡುತ್ತೀರಾ? ಮನೆ ಬೀಗ ತೆಗೆಯುವಷ್ಟರಲ್ಲಿ ಆಗಿಬಿಡುತ್ತಾ? ಮೊದಲನೆಯದಕ್ಕೆ ಹೌದು ಅಂದರೆ ಹೊಟ್ಟೆಯ ಒತ್ತಡಕ್ಕೆ ಸೋರುವ ಸ್ಟ್ರೆಸ್ ಥರದ್ದು ಇರಬಹುದು. ಉಳಿದೆರಡಕ್ಕೆ ಹೌದು ಅಂದರೆ ತಡೆಯಲಾಗದ ಅವಸರದ್ದು, ಅರ್ಜ್ ಥರ. ಎಷ್ಟೋ ಜನರಿಗೆ ಎರಡೂ ಇರುತ್ತವೆ. ಯಾವುದು ಅಂತ ಗೊತ್ತಾಗದೆ ವ್ಯಾಯಾಮ ಹೇಳಿಕೊಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ.

ಆ ದಿನವೇ ಡಾಕ್ಟರ ಹತ್ತಿರ ಕಳಿಸಿದ್ದೆ. ಮೂತ್ರದಲ್ಲಿ ಸೋಂಕಿಲ್ಲ, ಸಕ್ಕರೆ ಇಲ್ಲ. ಸ್ಕ್ಯಾನ್‌ನಲ್ಲಿ, ಹೋಗಿ ಬಂದ ಮೇಲೆ ಚೀಲದಲ್ಲಿ ಉಳಿಯುವ ಮೂತ್ರವೂ ಜಾಸ್ತಿ ಇಲ್ಲ.

ಕ್ಯಾಲೆಂಡರ್ ಹಾಳೆಯ ವಿಷಯಕ್ಕೆ ಬರುತ್ತೇನೆ. ಮೂರು ದಿನದ ಮೂತ್ರದ ಲೆಕ್ಕ ಬರೆಯಲು ನಮ್ಮಲ್ಲಿ ಅಚ್ಚು ಮಾಡಿದ ಚಾರ್ಟ್ ಇದೆ. ಅಕ್ಕನಿಗೆ ಓದು ಬರಹ ಇಲ್ಲ. ಮುಗಿದ ಜೂನ್ ತಿಂಗಳ ಹಾಳೆಯ ಹಿಂಭಾಗಕ್ಕೆ ಮೂರು ಪಟ್ಟಿ ಎಳೆದು ಕೊಟ್ಟಿದ್ದೆ. ಹೊತ್ತಿಗೆ ಸೂರ್ಯನ ಚಿತ್ರ. ಒಂದಕ್ಕೆ ಹೋದರೆ ನೀಲಿ ಗೆರೆ, ಸೋರಿದರೆ ಕೆಂಪು ಚುಕ್ಕೆ, ಒಂದು ಲೋಟ ಕುಡಿದರೆ ಸೊನ್ನೆ. ಅಳೆಯೋಕೆ ಗುರುತು ಹಾಕಿದ ಒಂದು ಮಗ್.

ಮೂರೂ ದಿನ ಒಂದೇ ಕಥೆ. ಬೆಳಗ್ಗೆ ಎಂಟರೊಳಗೆ ನಾಲ್ಕು ನೀಲಿ ಗೆರೆ, ಕೊನೆಯ ಮೂರು ಸಲ ಹೋದದ್ದು ನೂರು ಎಂಎಲ್ ಕೂಡ ಇಲ್ಲ. ಮೂತ್ರಚೀಲ 400ರಿಂದ 500 ಎಂಎಲ್ ಹಿಡಿಯಬಲ್ಲದು. ಒಂಬತ್ತರಿಂದ ನಾಲ್ಕರವರೆಗೆ ಒಂದು ಗೆರೆಯೂ ಇಲ್ಲ, ಒಂದು ಸೊನ್ನೆಯೂ ಇಲ್ಲ. ಬರೀ ಕೆಂಪು ಚುಕ್ಕೆ. "ಇಲ್ಲಿ ಏನಾಯ್ತು ಅಕ್ಕ?" ಅಂದೆ. ನಾಟಿ ಕೆಲಸ. ಗದ್ದೆಯಲ್ಲಿ ಎಲ್ಲಿಗೆ ಹೋಗೋದು? ಅದಕ್ಕೆ ಮೊದಲೇ ನಾಲ್ಕು ಸಲ ಹೋಗಿ, ನೀರು ಕುಡಿಯದೆ ಹೊರಡುತ್ತಾರೆ. ದಿನಕ್ಕೆ ಮೂರು ಲೋಟ ನೀರು, ಐದು ಸಲ ಕಾಫಿ. ಅದರಿಂದ ಮೂತ್ರ ಗಾಢವಾಗಿ ಚೀಲ ಕೆರಳುತ್ತದೆ. ಮಲಬದ್ಧತೆ ಬೇರೆ. ಮುಕ್ಕಿ ಮುಕ್ಕಿ ಕೆಳಗಿನ ಸ್ನಾಯು ಇನ್ನೂ ಸಡಿಲ.

"ನಂಗೆ ಮಳೆಗಾಲವೇ ವಾಸಿ ಮೇಡಂ," ಅಂದರು. "ಎಲ್ಲರ ಸೀರೆಯೂ ಒದ್ದೆ ಇರುತ್ತೆ. ಬೇಸಿಗೆಯಲ್ಲೇ ಕಷ್ಟ."

ಪೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತೆ.

ಆಮೇಲೆ ಕೆಳಗಿನ ಸ್ನಾಯುಗಳ ಬಲವನ್ನು ಬೆರಳಿಟ್ಟು ನೋಡುವ ಪರೀಕ್ಷೆ. ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಅಂತ ಮೊದಲೇ ಹೇಳಿದೆ. ಬೇಡ ಅಂದರೆ ಬೇಡ, ನಡುವೆ ಸಾಕು ಅಂದರೆ ಅಲ್ಲಿಗೇ ನಿಲ್ಲಿಸುತ್ತೇನೆ ಅಂದೆ. ಬಾಗಿಲು ಹಾಕಿ, ಸಿಸ್ಟರ್ ಒಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡೆ. ಮಗುವಿಗೆ ಸೀರೆಯಲ್ಲಿ ಜೋಲಿ ಕಟ್ಟುತ್ತೀರಲ್ಲ, ಹಾಗೇ ಮುಂದಿನ ಮೂಳೆಯಿಂದ ಬಾಲದ ಮೂಳೆವರೆಗೆ ಸ್ನಾಯುಗಳ ಜೋಲಿ ಇದೆ, ಅದನ್ನು ಮೇಲಕ್ಕೆ ಎಳೆದುಕೊಳ್ಳಿ ಅಂದೆ. ಉಸಿರು ಕಟ್ಟಿ, ತೊಡೆ ಬಿಗಿ ಮಾಡಿ ಕೆಳಕ್ಕೆ ಮುಕ್ಕಿದರು. ಮೊದಲ ಸಲ ತುಂಬಾ ಜನ ಹೀಗೇ ಮಾಡುತ್ತಾರೆ. ಬರೀ ಬಾಯಲ್ಲಿ ಹೇಳಿ, ಚೀಟಿ ಕೊಟ್ಟು ಕಳಿಸಿದರೆ ತಿಂಗಳುಗಟ್ಟಲೆ ತಪ್ಪನ್ನೇ ಮಾಡುತ್ತಿರುತ್ತಾರೆ. "ಜನರ ಮಧ್ಯೆ ಗ್ಯಾಸ್ ತಡೆದ ಹಾಗೆ" ಅಂದೆ. ಆಗ ಬೆರಳಿಗೆ ಸಿಕ್ಕಿತು. ಸಣ್ಣ ಎಳೆತ. ಸ್ನಾಯುವಿನ ಬಲಕ್ಕೆ ಅಂಕ ಕೊಡುವ ಆಕ್ಸ್‌ಫರ್ಡ್ ಸ್ಕೇಲ್‌ನಲ್ಲಿ 5ಕ್ಕೆ 2. ಮೂರು ಸೆಕೆಂಡ್ ಹಿಡಿದರು, ನಾಲ್ಕು ಸಲಕ್ಕೆ ಸುಸ್ತು.

ಎದ್ದು ನಿಂತ ಮೇಲೆ ಟಿಶ್ಯೂ ಪೇಪರ್ ಮಡಿಸಿ ಕೊಟ್ಟು, ಕೆಮ್ಮಿ ಅಂದೆ. ರೂಪಾಯಿ ನಾಣ್ಯದಷ್ಟು ಅಗಲ ಒದ್ದೆ. ಈಗ ಮೊದಲು ಜೋಲಿ ಎಳೆದು ಹಿಡಿದು, ಆಮೇಲೆ ಕೆಮ್ಮಿ ಅಂದೆ. ಕಡಲೆಕಾಳಿನಷ್ಟು. ಅಮೆರಿಕದ ಮಿಲ್ಲರ್ ಮತ್ತು ಡಿಲಾನ್ಸಿ ತಂಡ ಇದನ್ನೇ 1998ರಲ್ಲಿ ವಯಸ್ಸಾದ ಹೆಂಗಸರಲ್ಲಿ ತೋರಿಸಿತು. ಒಂದೇ ವಾರದ ಕಲಿಕೆಯಲ್ಲಿ ಕೆಮ್ಮಿಗೆ ಸೋರುವುದು ಕಡಿಮೆಯಾಗಿತ್ತು. ಅಕ್ಕ ಎರಡೂ ಪೇಪರ್ ಪಕ್ಕ ಪಕ್ಕ ಹಿಡಿದು ನೋಡಿದರು. "ನಾನೇ ಮಾಡಿದ್ದಾ?"

ಎಂಟು ಸಲ ಬಿಗಿ ಹಿಡಿದು ಬಿಡೋದು, ದಿನಕ್ಕೆ ಮೂರು ಹೊತ್ತು, ಕಡಿಮೆ ಅಂದರೂ ಮೂರು ತಿಂಗಳು. ಹಾಲು ಕರೆದ ಮೇಲೆ, ದೇವರಿಗೆ ದೀಪ ಹಚ್ಚಿದ ಮೇಲೆ, ಮಲಗುವಾಗ ಅಂತ ಅವರೇ ಹೊತ್ತು ಗೊತ್ತು ಮಾಡಿಕೊಂಡರು. ಕಾಫಿ ಎರಡಕ್ಕೆ ಇಳಿಸುತ್ತಾರಂತೆ. ಅದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ.

ಒಂಬತ್ತರಿಂದ ನಾಲ್ಕರ ಖಾಲಿ ಜಾಗಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಗದ್ದೆಯ ಯಜಮಾನರ ಹಿತ್ತಿಲಲ್ಲಿ ಟಾಯ್ಲೆಟ್ ಇದೆಯಂತೆ. "ಕೇಳಿದ್ರೆ ಬೇಡ ಅನ್ನಲ್ಲ. ಹನ್ನೆರಡು ಜನದಲ್ಲಿ ನಾನೊಬ್ಬಳೇ ಹೇಗೆ ಕೇಳ್ಲಿ?" ನಾಲ್ಕು ಜನ ಸೇರಿ ಕೇಳಿ ಅಂದೆ. ನೋಡ್ತೀನಿ ಅಂದರು.

ಮುಂದಿನ ಮಂಗಳವಾರ ಮತ್ತೆ ಬರುತ್ತಾರೆ. ಮೇ ತಿಂಗಳ ಹಾಳೆಗೂ ಪಟ್ಟಿ ಎಳೆದು ಕೊಟ್ಟಿದ್ದೇನೆ. ಸಂಜೆ ಫಾರಂ ತೆರೆದು 14ನೇ ಸಾಲನ್ನು 2ಕ್ಕೆ ತಂದೆ. ನಾಳೆ ಸೊಂಟನೋವಿನವರು ಮೂವರಿದ್ದಾರೆ.