ಹಳೆ ಲಾರಿಯ ಹಣೆಗೆ ವೈಸರ್

ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 67 ಹೆಚ್ಚುಕಡಿಮೆ ಪಡುವಣಕ್ಕೇ ಸಾಗುತ್ತದೆ. ಬೆಳಿಗ್ಗೆ ಕೊಪ್ಪಳದಿಂದ ಹೊರಟು ಸಂಜೆ ಹಿಂದಿರುಗುವ ಗಾಡಿಗೆ ಎರಡೂ ಹೊತ್ತು ಸೂರ್ಯ ಕಣ್ಣೆದುರೇ. ಗ್ಲಾಸಿಗೆ ಕಪ್ಪು ಫಿಲ್ಮ್ ಅಂಟಿಸೋಣವೆಂದರೆ ಕಾನೂನು ಬಿಡುವುದಿಲ್ಲ. ಮುಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. ಉಳಿಯುವ ದಾರಿ ಗ್ಲಾಸಿನ ಮೇಲ್ಗಡೆ, ಹೊರಗೆ ಒಂದು ವೈಸರ್, ಅಂದರೆ ಬಿಸಿಲು ತಡೆಯಲು ಮುಂದಕ್ಕೆ ಚಾಚಿದ ಮರೆ, ಕೂರಿಸುವುದು. ಮಾರ್ಚ್ ಕೊನೆಯಲ್ಲಿ ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ 1960ರ ದಶಕದ ಟಾಟಾ ಮರ್ಸಿಡಿಸ್ ಲಾರಿಗೆ ಈ ಕೆಲಸ ನಡೆಯಿತು. ಆ ದಿನದ ಕೆಲಸವನ್ನು ಅಳತೆ ಸಮೇತ ಇಲ್ಲಿ ಬರೆದಿದೆ.

ಟೆಲ್ಕೊ ಕಂಪನಿ (ಇಂದಿನ ಟಾಟಾ ಮೋಟಾರ್ಸ್) ಮರ್ಸಿಡಿಸ್ ಗಾಡಿಗಳ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಕಟ್ಟಲು ಶುರುಮಾಡಿದ್ದು 1954ರಲ್ಲಿ. ಆ ಒಪ್ಪಂದ ಮುಗಿದದ್ದು 1969ರಲ್ಲಿ. ಆ ಕಾಲದ ಗಾಡಿಯೆಂದರೆ ಮುಂದೆ ಉದ್ದನೆಯ ಬಾನೆಟ್ಟು, ಅದರ ಮೇಲೆ ನಕ್ಷತ್ರ. ಆದರೆ ವೈಸರ್ ಕೂರಿಸುವವನಿಗೆ ಕಂಪನಿಯ ಹೆಸರಿಗಿಂತ ಕ್ಯಾಬಿನ್ ಕಟ್ಟಿದವರು ಯಾರೆಂಬುದು ಮುಖ್ಯ. ಆಗ ಬಹುಪಾಲು ಲಾರಿಗಳು ಶಾಸಿ (ತಳದ ಚೌಕಟ್ಟು), ಬಾನೆಟ್ಟು, ಕೌಲು (ಬಾನೆಟ್ಟಿಗೂ ಗ್ಲಾಸಿಗೂ ನಡುವಿನ ಭಾಗ) ಇಷ್ಟರಲ್ಲೇ ಬರುತ್ತಿದ್ದವು. ಕ್ಯಾಬಿನ್ ಕಟ್ಟುತ್ತಿದ್ದವರು ಊರೂರಿನ ಬಾಡಿ ಬಿಲ್ಡರ್‌ಗಳು. ಒಳಗೆ ಕಟ್ಟಿಗೆಯ ಚೌಕಟ್ಟು, ಮೇಲೆ ತಗಡು. ಹಾಗಾಗಿ ಒಂದೇ ಮಾಡೆಲ್ಲಿನ ಎರಡು ಲಾರಿಗಳ ಹಣೆಪಟ್ಟಿ (ಗ್ಲಾಸಿನ ಮೇಲ್ಗಡೆಯ ಪಟ್ಟಿ) ಒಂದೇ ಅಳತೆಯಲ್ಲಿ ಇರುವುದಿಲ್ಲ.

ಅಮೆರಿಕದ ಹಳೆ ಪಿಕಪ್ಪುಗಳಿಗೆ ಸಿಗುವ ರೆಡಿಮೇಡ್ ವೈಸರ್ ಬಾಗಿಲ ಮೇಲೆ ಮಳೆನೀರು ಹರಿಯುವ ಗಟರ್ ಅಂಚನ್ನು ಕ್ಲಾಂಪಿನಿಂದ ಕಚ್ಚಿ ನಿಲ್ಲುತ್ತದೆ. ನಡುವೆ ಗ್ಲಾಸಿನ ಕಂಬಕ್ಕೆ ಒಂದು ಆಧಾರ ಕೊಟ್ಟರೆ ಆಯಿತು, ತೂತು ಕೊರೆಯುವ ಮಾತೇ ಇಲ್ಲ. ನಮ್ಮ ಕಟ್ಟಿಗೆ ಕ್ಯಾಬಿನ್ನಿನಲ್ಲಿ ಗಟರ್ ಇದ್ದರೂ ಅದು ಮೊಳೆ ಹೊಡೆದ ತೆಳು ತಗಡಿನ ಪಟ್ಟಿ. ಅದಕ್ಕೆ ಕ್ಲಾಂಪು ಹಾಕಿದರೆ ಮೊದಲ ಹಂಪ್ಸಿನಲ್ಲೇ ಪಟ್ಟಿ ಸಮೇತ ಕೈಗೆ ಬರುತ್ತದೆ. ಇಲ್ಲಿ ಬೋಲ್ಟೇ ಬೇಕು, ಆ ಬೋಲ್ಟಿಗೆ ಕಟ್ಟಿಗೆ ಸಿಗಬೇಕು.

ಆದ್ದರಿಂದ ದಿನದ ಮೊದಲ ಕೆಲಸ ಕಟ್ಟಿಗೆ ಹುಡುಕುವುದು. ಬೆರಳ ಗೆಣ್ಣಿನಿಂದ ಹಣೆಪಟ್ಟಿಯನ್ನು ಉದ್ದಕ್ಕೂ ತಟ್ಟುತ್ತ ಹೋದರೆ ಟೊಳ್ಳು ಜಾಗದಲ್ಲಿ ತಗಡು ಠಣಠಣ ಎನ್ನುತ್ತದೆ, ಕಟ್ಟಿಗೆ ಇದ್ದಲ್ಲಿ ಸದ್ದು ಸಾಯುತ್ತದೆ. ಆದರೆ ಸದ್ದನ್ನಷ್ಟೇ ನಂಬುವಂತಿಲ್ಲ, ಪುಟ್ಟಿ ದಪ್ಪಗೆ ಮೆತ್ತಿದ ಕಡೆಯೂ ಅದೇ ಮಂದ ಸದ್ದು. ಒಳಗಡೆ ಮೇಲ್ಛಾವಣಿಯ ರೆಕ್ಸಿನ್ ಪಟ್ಟಿಯನ್ನು ಒಂದು ಗೇಣು ಬಿಚ್ಚಿ, ತೆಳು ಸೂಜಿಯಂಥ ಆರೆಯಿಂದ ಕಟ್ಟಿಗೆಯನ್ನು ಚುಚ್ಚಿ ನೋಡಬೇಕು. ಗಟ್ಟಿ ಕಟ್ಟಿಗೆಯಲ್ಲಿ ಆರೆ ಎರಡು ಮಿಲಿಮೀಟರಿಗೇ ನಿಲ್ಲುತ್ತದೆ. ಸಲೀಸಾಗಿ ಒಳಗೆ ಇಳಿದರೆ ಆ ಜಾಗ ಕೊಳೆತಿದೆ, ಇಲ್ಲವೇ ಗೆದ್ದಲು ತಿಂದಿದೆ. ಗ್ಲಾಸಿನ ಮೂಲೆಗಳಲ್ಲಿ, ನೀರು ಇಳಿಯುವ ಕಡೆ ಇದು ಸಾಮಾನ್ಯ.

"ಉಸ್ತಾದ್, ಎಡಗಡಿ ಮೂಲ್ಯಾಗ ಕಟ್ಟಿಗಿ ಮೆತ್ತಗ ಐತ್ರಿ," ಎಂದ ಗ್ಯಾರೇಜಿನ ಹುಡುಗ.

"ಹಂಗಾದ್ರ ಬೋಲ್ಟ್ ಒಳಗ ಸರಸೋಣು ತಮ್ಮಾ. ಮೂಲಿ ಬ್ಯಾಡ, ನಾಕ್ ಇಂಚು ಈಚಿಗೆ ನೋಡು."

ವೈಸರನ್ನು ಹೊರುವ ಬ್ರಾಕೆಟ್ ಮೂಲೆಯಲ್ಲೇ ಇರಬೇಕೆಂಬ ಹಟ ಒಳ್ಳೆಯದಲ್ಲ. ತಗಡು ಬ್ರಾಕೆಟ್ಟಿನ ಆಚೆ ನಾಲ್ಕೈದು ಇಂಚು ಚಾಚಿದರೂ ತಡೆಯುತ್ತದೆ, ಕೊಳೆತ ಕಟ್ಟಿಗೆ ತಡೆಯುವುದಿಲ್ಲ.

ಎರಡನೆಯ ಕೆಲಸ ಕಣ್ಣಿನ ಅಳತೆ. ಬಹಳ ಕಡೆ ಇದನ್ನು ಮಾಡುವುದೇ ಇಲ್ಲ, ಹೊರಗೆ ನಿಂತು ಚಂದ ನೋಡಿ ವೈಸರಿನ ಇಳಿಜಾರು ತೀರ್ಮಾನಿಸುತ್ತಾರೆ. ಗಾಡಿ ಓಡಿಸುವ ಡ್ರೈವರೇ ಸೀಟಿನಲ್ಲಿ ಕೂರಬೇಕು, ದಿನವೂ ಕೂರುವ ಹಾಗೆಯೇ, ಬೆನ್ನು ಆನಿಸಿ. ಹಳೆ ಸೀಟು ಭಾರಕ್ಕೆ ಎರಡು ಇಂಚು ತಗ್ಗುವುದರಿಂದ ಖಾಲಿ ಸೀಟಿನ ಅಳತೆ ತಪ್ಪುತ್ತದೆ. ಅವರ ಕಣ್ಣಿನ ಮಟ್ಟಕ್ಕೆ ಗ್ಲಾಸಿನ ಮೇಲೆ ಚಾಕಿನ ಗೆರೆ ಎಳೆದೆವು. ಕಣ್ಣಿನಿಂದ ಗ್ಲಾಸಿಗೆ ಅಡ್ಡಕ್ಕೆ 600 ಮಿಲಿಮೀಟರ್. ವೈಸರಿನ ಮುಂದಿನ ಅಂಚು ಗ್ಲಾಸಿನಿಂದ 250 ಮಿಲಿಮೀಟರ್ ಮುಂದೆ, ಕಣ್ಣಿನ ಮಟ್ಟಕ್ಕಿಂತ 200 ಮಿಲಿಮೀಟರ್ ಮೇಲೆ. 850ಕ್ಕೆ 200 ಏರಿದರೆ ಕೋನ ಸುಮಾರು 13 ಡಿಗ್ರಿ. ಅಂದರೆ ದಿಗಂತದಿಂದ 13 ಡಿಗ್ರಿಗಿಂತ ಮೇಲಿರುವ ಸೂರ್ಯ ಡ್ರೈವರನ ಕಣ್ಣಿಗೆ ಬೀಳುವುದಿಲ್ಲ.

ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್, ಸೆಪ್ಟೆಂಬರ್ ಸುಮಾರಿಗೆ ಇಲ್ಲಿ ಸೂರ್ಯ ಗಂಟೆಗೆ ಹದಿನಾಲ್ಕೂವರೆ ಡಿಗ್ರಿಯಂತೆ ಇಳಿಯುತ್ತಾನೆ. ಹಾಗಾಗಿ ಮುಳುಗುವ ಮುಂಚಿನ ಐವತ್ತೈದು ನಿಮಿಷ ಈ ವೈಸರ್ ಉಪಯೋಗಕ್ಕೆ ಬಾರದು, ಆ ಹೊತ್ತಿಗೆ ಒಳಗಿನ ಮಡಚುವ ವೈಸರನ್ನೇ ಇಳಿಸಬೇಕು. ಇದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡುವುದು ಒಳಿತು. ಹೊರಗಿನದನ್ನೇ ಇನ್ನಷ್ಟು ಕೆಳಗಿಳಿಸಬಾರದೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಇಳಿಸಿದರೆ ಸಿಗ್ನಲ್ ಕಾಣುವುದಿಲ್ಲ. ಡ್ರೈವರನ ಕಣ್ಣು ನೆಲದಿಂದ 2.2 ಮೀಟರ್, ದೀಪ 5 ಮೀಟರ್ ಎತ್ತರದಲ್ಲಿ ಎಂದಿಟ್ಟುಕೊಂಡರೆ 13 ಡಿಗ್ರಿಯಲ್ಲೇ ಅದು ಕಾಣಲು 12 ಮೀಟರ್ ಹಿಂದೆ ಇರಬೇಕು. ಅಂಚನ್ನು ಮತ್ತೆ ಎರಡು ಇಂಚು ಇಳಿಸಿದರೆ 16 ಮೀಟರ್ ಹಿಂದೆ ನಿಲ್ಲಬೇಕಾಗುತ್ತದೆ. ಊರೊಳಗೆ ಅಷ್ಟು ಜಾಗ ಯಾರೂ ಬಿಡುವುದಿಲ್ಲ.

ನಡುಹಗಲಿನ ಲೆಕ್ಕವೇ ಬೇರೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಸುಮಾರಿಗೆ ಬಳ್ಳಾರಿಯಲ್ಲಿ ಸೂರ್ಯ ನೆತ್ತಿಯ ಮೇಲೇ ಹಾಯುತ್ತಾನೆ. ಆಗ 250 ಮಿಲಿಮೀಟರ್ ಚಾಚಿದ ತಗಡಿನ ನೆರಳು ಇಡೀ ಗ್ಲಾಸನ್ನು ಮುಚ್ಚುತ್ತದೆ, ಡ್ಯಾಶ್‌ಬೋರ್ಡೂ ಸ್ಟೇರಿಂಗೂ ಸುಡುವುದು ಕಡಿಮೆಯಾಗುತ್ತದೆ.

ಅಳತೆ ಆದಮೇಲೆ ತಗಡು ಕತ್ತರಿಸಲು ರಟ್ಟಿನ ಮಾದರಿ. ಫ್ರಿಡ್ಜಿನ ಪೆಟ್ಟಿಗೆಯ ದಪ್ಪ ರಟ್ಟು ಇದಕ್ಕೆ ಚೆನ್ನ. ಈ ಲಾರಿಯ ಗ್ಲಾಸು ಎರಡು ತುಂಡು, ನಡುವೆ ಕಂಬ, ಎರಡೂ ಸ್ವಲ್ಪ ಹಿಂದಕ್ಕೆ ಓರೆ. ಆದ್ದರಿಂದ ರಟ್ಟನ್ನೂ ಎಡ, ಬಲ ಎಂದು ಬೇರೆ ಬೇರೆ ಕತ್ತರಿಸಬೇಕು. ಒಂದನ್ನು ಮಗುಚಿ ಇನ್ನೊಂದಕ್ಕೆ ಬಳಸಿದರೆ ಕೆಟ್ಟಿತು; ಕಟ್ಟಿಗೆ ಕ್ಯಾಬಿನ್ನಿನಲ್ಲಿ ಎಡಬಲಕ್ಕೆ ಎಂಟು ಹತ್ತು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ನಡುಗೆರೆಯನ್ನು ಗ್ಲಾಸಿನ ಕಂಬದಿಂದ ಹಿಡಿಯಬೇಕು, ಮೇಲ್ಛಾವಣಿಯ ಅಗಲದಿಂದಲ್ಲ. ನೋಡುವವರ ಕಣ್ಣು ಕಂಬಕ್ಕೂ ವೈಸರಿಗೂ ಹೊಂದಿಕೆ ಹುಡುಕುತ್ತದೆ.

ತಗಡು 18 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು, ಅಂದರೆ 1.2 ಮಿಲಿಮೀಟರ್ ದಪ್ಪ. ಇದಕ್ಕಿಂತ ತೆಳುವಾದ 20 ಗೇಜು ಕಂಪನಕ್ಕೆ ಕುಣಿಯುತ್ತದೆ, ದಪ್ಪನೆಯ 16 ಗೇಜು ಹಳೆ ಕಟ್ಟಿಗೆಗೆ ಸುಮ್ಮನೆ ಭಾರ. ಆರು ಅಡಿ ಉದ್ದ, ಒಂದಡಿ ಅಗಲ ಸಾಕು. ಮುಂದಿನ ಅಂಚಿಗೆ 6 ಮಿಲಿಮೀಟರ್ ಸರಳನ್ನು ಒಳಗಿಟ್ಟು ತಗಡನ್ನು ಸುತ್ತಿ ಮಡಚಬೇಕು. ಸುತ್ತಲು ಬಿಡುವ ತಗಡು ಸರಳಿನ ದಪ್ಪದ ಎರಡೂವರೆ ಪಟ್ಟು, ಇಲ್ಲಿ 15 ಮಿಲಿಮೀಟರ್. ಈ ಸರಳಿಲ್ಲದ ಅಂಚು ಗಾಳಿಗೆ ಅಲೆಯಾಗುತ್ತದೆ, ತೊಳೆಯುವವರ ಕೈಯನ್ನೂ ಕೊಯ್ಯುತ್ತದೆ. ಹಿಂದಿನ ಅಂಚನ್ನು 20 ಮಿಲಿಮೀಟರ್ ಮೇಲಕ್ಕೆ ಮಡಚಿದರೆ ಉದ್ದಕ್ಕೂ ಬಿಗಿ ಬರುತ್ತದೆ. ಸುತ್ತಿದ ಅಂಚಿನೊಳಗೆ ನೀರು ನಿಲ್ಲದಂತೆ ಎರಡೂ ತುದಿಯಲ್ಲಿ ಕೆಳಬದಿಗೆ 5 ಮಿಲಿಮೀಟರಿನ ತೂತು ಬಿಡಬೇಕು. ಎರಡು ಹೋಳುಗಳನ್ನು ನಡುವೆ 50 ಮಿಲಿಮೀಟರ್ ಅಗಲದ ಪಟ್ಟಿ ಕೊಟ್ಟು ರಿವೆಟ್ ಹೊಡೆದೆವು. ವೆಲ್ಡಿಂಗ್ ಮಾಡಿದರೆ ಅಷ್ಟು ತೆಳು ತಗಡು ಬಿಸಿಗೆ ಸೊಟ್ಟಗಾಗುತ್ತದೆ, ಮುಂದೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಬ್ರಾಕೆಟ್ ಸಮೇತ ತೂಕ ಏಳು ಕಿಲೋ ಆಸುಪಾಸು.

ಹಸಿರು ಅಕ್ರಿಲಿಕ್ ಹಾಕಿಸಿ ಎನ್ನುವವರೂ ಇದ್ದಾರೆ. ನೋಡಲು ಚಂದವೇ, ಬೆಳಕೂ ತಂಪು. ಆದರೆ ಬೆಳಗಿನ ತಂಪಿಗೂ ನಡುಹಗಲ ಬಿಸಿಗೂ 40 ಡಿಗ್ರಿ ಅಂತರ ಬಿದ್ದರೆ ಆರಡಿ ಅಕ್ರಿಲಿಕ್ ಐದು ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು ಒಂದು ಮಿಲಿಮೀಟರನ್ನೂ ದಾಟುವುದಿಲ್ಲ. ತೂತುಗಳು ಸಡಿಲ ಇಲ್ಲದಿದ್ದರೆ ಒಂದೇ ಬೇಸಿಗೆಗೆ ಬೋಲ್ಟಿನಿಂದ ಬಿರುಕು ಹೊರಡುತ್ತದೆ. ನಮ್ಮ ಬಿಸಿಲಿಗೆ ತಗಡೇ ಸರಿ.

ಬ್ರಾಕೆಟ್‌ಗಳು ಮೂರು, 25×5 ಮಿಲಿಮೀಟರಿನ ಕಬ್ಬಿಣದ ಪಟ್ಟಿಯಿಂದ. ಎರಡು ಬದಿಗೆ, ಒಂದು ನಡುಗಂಬದ ನೆತ್ತಿಗೆ. ನಡುವಿನದನ್ನು ಹಾಕದೆ ಬಿಟ್ಟರೆ ಎಂಜಿನ್ ಐಡ್ಲಿನಲ್ಲಿ ತಗಡು ಗುಂಯ್‌ಗುಡುತ್ತದೆ. ಬ್ರಾಕೆಟ್ಟಿನ ತೂತನ್ನು ದುಂಡಗೆ ಬಿಡದೆ 9×20 ಮಿಲಿಮೀಟರಿನ ಸ್ಲಾಟ್ ಮಾಡಿದರೆ ಆಮೇಲೆ ಇಳಿಜಾರು ತಿದ್ದಲು ಬರುತ್ತದೆ.

ಬೋಲ್ಟು 8 ಮಿಲಿಮೀಟರಿನದು, ಒಂದು ಬ್ರಾಕೆಟ್ಟಿಗೆ ಎರಡು. ಕಟ್ಟಿಗೆ ಸ್ಕ್ರೂ ಬೇಡ. ಐವತ್ತು ವರ್ಷ ದಾಟಿದ ಕಟ್ಟಿಗೆಯಲ್ಲಿ ಸ್ಕ್ರೂ ಇವತ್ತು ಹಿಡಿದಂತೆ ಕಂಡರೂ ಅಲುಗಾಟಕ್ಕೆ ತಾನೇ ತೂತನ್ನು ಅಗಲ ಮಾಡಿಕೊಳ್ಳುತ್ತದೆ. ಬೋಲ್ಟು ಆರುಪಾರು ಹೋಗಿ, ಒಳಗಡೆ 75 ಮಿಲಿಮೀಟರ್ ಚೌಕದ 3 ಮಿಲಿಮೀಟರ್ ಪ್ಲೇಟಿನ ಮೇಲೆ ನೈಲಾಕ್ (ಒಳಗೆ ನೈಲಾನ್ ಉಂಗುರವಿರುವ) ನಟ್ಟಿನಿಂದ ಕೂರಬೇಕು. ಇಲ್ಲೊಂದು ಮುಖ್ಯ ವಿಷಯವಿದೆ. ನಟ್ಟು ಬಿಗಿದಂತೆ ಕಟ್ಟಿಗೆ ಹಿಂಡಿಹೋಗುತ್ತದೆ, ಹೊರಗಿನ ತಗಡು ಗುಳಿ ಬೀಳುತ್ತದೆ, ವಾರ ಕಳೆದರೆ ನಟ್ಟು ಮತ್ತೆ ಸಡಿಲ. ಅದಕ್ಕೆ ಕಟ್ಟಿಗೆಯ ತೂತನ್ನು ಮಾತ್ರ ಒಳಗಡೆಯಿಂದ 12 ಮಿಲಿಮೀಟರಿಗೆ ಹಿಗ್ಗಿಸಿ, ಕಟ್ಟಿಗೆಯ ದಪ್ಪಕ್ಕೆ ಸರಿಯಾಗಿ ಕತ್ತರಿಸಿದ ಪೈಪಿನ ತುಂಡನ್ನು ಒಳಗೆ ಕೂರಿಸಿದೆವು. ಈಗ ಬಿಗಿತವನ್ನು ಹೊರುವುದು ಪೈಪು. ಈ ತುಂಡು ಪೈಪಿಗೆ ಹತ್ತು ರೂಪಾಯಿ ಬೆಲೆಯೂ ಇಲ್ಲ, ಆದರೆ ಇಡೀ ಕೆಲಸ ನಿಂತಿರುವುದು ಅದರ ಮೇಲೆ.

ಡ್ರಿಲ್ ಹಿಡಿಯುವ ಮುಂಚೆ ವೈರ್ ನೋಡಬೇಕು. ಮೇಲಿನ ದೀಪಗಳ ವೈರು ಹಣೆಪಟ್ಟಿಯ ಹಿಂದೆಯೇ ಓಡುವುದು ಹೆಚ್ಚು. ಬ್ಯಾಟರಿ ಕೇಬಲ್ ಬಿಚ್ಚಿಟ್ಟೇ ಕೊರೆಯಬೇಕು. ವೈಪರ್ ಗ್ಲಾಸಿನ ಮೇಲಂಚಿನಿಂದ ತೂಗುವ ಗಾಡಿಯಾದರೆ ಅದರ ತೋಳು ಪೂರ್ತಿ ಬೀಸುವಾಗ ಬ್ರಾಕೆಟ್ಟಿಗೆ ತಾಗುವುದೋ ಎಂದು ರಟ್ಟು ಕಟ್ಟಿರುವಾಗಲೇ ಪರೀಕ್ಷಿಸಬೇಕು. ಟೇಪು ಹಚ್ಚಿ, ಪಂಚ್ ಹೊಡೆದು, ಮೊದಲು 3 ಮಿಲಿಮೀಟರ್, ಆಮೇಲೆ 8.5. ಕೊರೆದ ತೂತಿನ ಅಂಚಿಗೆ ಪ್ರೈಮರ್ ಮುಟ್ಟಿಸದೆ ಬೋಲ್ಟು ತೂರಿಸಬಾರದು. ಬ್ರಾಕೆಟ್ಟಿನ ಕೆಳಗೆ 3 ಮಿಲಿಮೀಟರ್ ರಬ್ಬರು, ತೂತಿನ ಸುತ್ತ ಸೀಲೆಂಟು. ಬಳ್ಳಾರಿಯಲ್ಲಿ ಮಳೆ ಎಲ್ಲಿದೆ ಎನ್ನುವವರುಂಟು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುವ ಮಳೆ ಸಾಕು, ಒಂದು ತೂತಿನಿಂದ ಇಳಿದ ನೀರು ಕಟ್ಟಿಗೆಯೊಳಗೇ ಉಳಿದು ಕೊಳೆಸುತ್ತದೆ.

ವೈಸರಿನ ಹಿಂದಿನ ಅಂಚಿಗೂ ಕ್ಯಾಬಿನ್ನಿಗೂ ನಡುವೆ 20 ಮಿಲಿಮೀಟರ್ ಸಂದು ಬಿಡಲೇಬೇಕು. ಗ್ಲಾಸಿಗೆ ಬಡಿದ ಗಾಳಿ ಮೇಲಕ್ಕೇರಿ ವೈಸರಿನ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ತಗಡನ್ನು ಎತ್ತುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಷ್ಟಗಲದ ತಗಡಿಗೆ ಗಾಳಿ ನೇರ ಬಡಿದರೆ ಒತ್ತಡ ಸುಮಾರು ಒಂಬತ್ತು ಕಿಲೋ ಭಾರದಷ್ಟು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹಳೆ ಲಾರಿ ಅಷ್ಟು ಓಡದು, ನಿಜ, ಆದರೆ ಎದುರಿನಿಂದ ದೊಡ್ಡ ಟ್ರೇಲರ್ ಹಾಯುವಾಗಿನ ಬೀಸು ಕ್ಷಣಮಾತ್ರ ಅದಕ್ಕೆ ಹತ್ತಿರ ಬರುತ್ತದೆ.

ಬಣ್ಣ ಬೆಳಿಗ್ಗೆ ಒಂಬತ್ತರೊಳಗೆ ಆಗಬೇಕು. ಬಿಸಿಲಿಗೆ ಕಾದ ತಗಡಿನ ಮೇಲೆ ಹೊಡೆದರೆ ಥಿನ್ನರ್ ಒಳಗಿನಿಂದ ಕುದ್ದು ಸೂಜಿಮೊನೆಯ ತೂತುಗಳೇಳುತ್ತವೆ. ಅದಕ್ಕೇ ಆ ದಿನ ಅಳತೆ, ಕಟಿಂಗು, ತೂತು ಎಲ್ಲ ಮುಗಿಸಿ ವೈಸರನ್ನು ಕೂರಿಸಿ ನೋಡಿ ಬಿಚ್ಚಿಟ್ಟೆವು. ತುಕ್ಕು ತಡೆಯುವ ರೆಡ್ ಆಕ್ಸೈಡ್ ಮತ್ತು ಬಣ್ಣ ಮರುದಿನದ ತಂಪಿನಲ್ಲಿ. ಮೇಲ್ಮೈಗೆ ಕ್ಯಾಬಿನ್ನಿನ ಬಣ್ಣ. ಕೆಳಮೈಗೆ ಮಾತ್ರ ಹೊಳಪಿಲ್ಲದ ಕಪ್ಪು. ಬಾನೆಟ್ಟಿಗೆ ಬಿದ್ದ ಬಿಸಿಲು ಮೇಲೆದ್ದು ವೈಸರಿನ ಕೆಳಗೆ ಬಡಿದು ನೇರ ಡ್ರೈವರನ ಕಣ್ಣಿಗೇ ಬರುತ್ತದೆ. ಅಲ್ಲಿ ಹೊಳೆಯುವ ಬಣ್ಣವಿದ್ದರೆ ವೈಸರ್ ಹಾಕಿಯೂ ಹಾಕದಂತೆ.

ಮೊದಲ ಓಟ ತೋರಣಗಲ್ಲಿನ ಕಡೆಗೆ. 40ರಲ್ಲಿ ಸ್ವಲ್ಪ ಹೊತ್ತು, ಆಮೇಲೆ 60. ಸಿಳ್ಳೆ ಬಂದರೆ ಹಿಂದಿನ ಸಂದಿನಲ್ಲಿ ಎಲ್ಲೋ ಅಗಲ ತಪ್ಪಿದೆ ಎಂದರ್ಥ. ಗುಂಯ್‌ ಎಂದರೆ ನಡು ಬ್ರಾಕೆಟ್ಟಿನ ರಬ್ಬರು ಸರಿಯಾಗಿ ಕೂತಿಲ್ಲ. ಟಕಟಕ ಎಂದರೆ ಯಾವುದೋ ರಿವೆಟ್ಟು ಸಡಿಲ. ನೂರು ಕಿಲೋಮೀಟರ್ ಆದಮೇಲೆ ಆರೂ ನಟ್ಟುಗಳನ್ನು ಸ್ಪ್ಯಾನರಿನಿಂದ ಮುಟ್ಟಿ ನೋಡಬೇಕು, ಬ್ರಾಕೆಟ್ ಬಾಗಿದ ಕಡೆ ಬಣ್ಣದಲ್ಲಿ ಕೂದಲೆಳೆ ಬಿರುಕಿದೆಯೇ ಎಂದು ಬೆಳಕಿಟ್ಟು ಪರೀಕ್ಷಿಸಬೇಕು. ಬಿಚ್ಚಿದ ರೆಕ್ಸಿನ್ ಪಟ್ಟಿಗೆ ಮೊದಲ ಮಳೆ ಆಗುವ ತನಕ ಅಂಟು ಹಾಕಬಾರದು, ಪಿನ್ನಿನಿಂದ ಹಿಡಿಸಿದರೆ ಸಾಕು. ಮಳೆ ಬಂದ ಮರುದಿನ ಪಟ್ಟಿ ಸರಿಸಿ ಪ್ಲೇಟಿನ ಸುತ್ತ ಬೆರಳಾಡಿಸಿದಾಗ ತೇವ ತಾಗಿದರೆ ನಟ್ಟನ್ನು ಇನ್ನಷ್ಟು ಬಿಗಿದು ಪ್ರಯೋಜನವಿಲ್ಲ. ಆ ಬೋಲ್ಟನ್ನು ಪೂರ್ತಿ ಹೊರತೆಗೆದು, ಕಟ್ಟಿಗೆ ಎರಡು ದಿನ ಒಣಗಲು ಬಿಟ್ಟು, ಸೀಲೆಂಟನ್ನು ಹೊಸದಾಗಿ ತುಂಬಿಯೇ ಮತ್ತೆ ಕೂರಿಸಬೇಕು.